ಬೇಲಿಯ ಮೇಲಿನ ಚುಕ್ಕಿ

"ಎಂಥ ಮೇಷ್ಟ್ರೆ, ಓತಿಕ್ಯಾತಕ್ಕೆ ಆಧಾರ್ ಕಾರ್ಡು ಮಾಡಿಸ್ತಾ ಇದೀರಾ?"

ಆಚೆಮನೆ ಗೌಡರು ಮಾತು ತೆಗೆಯುವುದೇ ಹೀಗೆ. ಅಡಿಕೆ ಮರದತ್ತ ಮೊಬೈಲು ಹಿಡಿದು ಉಸಿರು ಬಿಗಿಹಿಡಿದು ನಿಂತವನ ಬೆನ್ನ ಹಿಂದಿನಿಂದ ಇಂಥ ಪ್ರಶ್ನೆ ಬಂದರೆ ಕೈ ಅಲ್ಲಾಡದೆ ಇರುತ್ತದೆಯೇ? ಕೈ ಅಲ್ಲಾಡಿತು, ಓತಿ ಅಲ್ಲಾಡಲಿಲ್ಲ. ತೊಗಟೆಯ ಬೂದು ಬಣ್ಣದೊಳಗೆ ತಾನು ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬ ನಂಬಿಕೆ ಅದಕ್ಕೆ. ಗಂಟಲಡಿಯ ಹಳದಿ ಚೀಲವನ್ನು ಒಮ್ಮೆ ಬಿಚ್ಚಿ ಮಡಿಸಿತು, ಅಷ್ಟೆ. ಗಂಡು ಹಾರುವ ಓತಿ.

ನಮ್ಮಿಬ್ಬರ ತೋಟದ ನಡುವೆ ಬೇಲಿ ಇದೆ ಎಂದು ಸರ್ವೆ ನಕ್ಷೆ ಹೇಳುತ್ತದೆ. ಗ್ಲಿರಿಸಿಡಿಯಾ ಗೂಟಗಳು ಚಿಗುರಿ ಮರವಾಗಿ, ತಂತಿ ಅವುಗಳ ಮೈಯೊಳಗೇ ಹೂತುಹೋಗಿ, ನಡುವೆ ಗೌಡರು ಮೊಣಕೈ ಊರುವಷ್ಟು ಜಾಗ ಉಳಿದಿದೆ. ಮಾತಿಗೆ ಅಡ್ಡ ಬರದ ಬೇಲಿ. ದನಕ್ಕೂ ಅಡ್ಡ ಬಂದದ್ದಿಲ್ಲ ಅನ್ನುವುದು ಬೇರೆ ವಿಷಯ.

"ಆಧಾರ್ ಅಲ್ಲ ಗೌಡ್ರೆ, ನಕ್ಷೆ ಮೇಲೆ ಒಂದು ಚುಕ್ಕಿ ಇಡ್ತಾ ಇದೀನಿ" ಎಂದೆ.

"ಚುಕ್ಕಿ ಅನ್ನಬೇಡಿ ಮಾರಾಯ್ರೆ. ಎಲೆಚುಕ್ಕಿ ರೋಗ ಬಂದ ಮೇಲೆ ಆ ಶಬ್ದ ಕೇಳಿದ್ರೆ ಎದೆ ಧಸಕ್ ಅನ್ನುತ್ತೆ" ಎಂದರು. ಆದರೆ ಮೊಣಕೈ ಆಗಲೇ ಬೇಲಿಯ ಮೇಲೆ ಬಂದಿತ್ತು. ಇನ್ನು ಸದ್ಯಕ್ಕೆ ಕದಲುವುದಿಲ್ಲ ಎಂದು ಅರ್ಥ.

ವಿಷಯ ಇಷ್ಟೆ. ಐನ್ಯಾಚುರಲಿಸ್ಟ್ ಎಂದು ಒಂದು ಆ್ಯಪ್ ಇದೆ. 2008ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕೆಲವು ವಿದ್ಯಾರ್ಥಿಗಳು ಸ್ನಾತಕೋತ್ತರ ಪದವಿಯ ಪ್ರಾಜೆಕ್ಟು ಅಂತ ಮಾಡಿದ್ದು, ಈಗ ಜಗತ್ತೆಲ್ಲ ಬಳಸುತ್ತದೆ. ನೀವು ಕಂಡ ಗಿಡವನ್ನೋ ಹುಳವನ್ನೋ ಫೋಟೊ ತೆಗೆದು ಹಾಕಬೇಕು. ಎಲ್ಲಿ ಕಂಡಿರಿ, ಯಾವತ್ತು ಕಂಡಿರಿ ಎಂಬುದನ್ನು ಮೊಬೈಲೇ ತುಂಬಿಕೊಳ್ಳುತ್ತದೆ. ಏನು ಕಂಡಿರಿ ಎಂಬುದು ಗೊತ್ತಿದ್ದರೆ ನೀವು ಹೇಳಬಹುದು, ಗೊತ್ತಿಲ್ಲದಿದ್ದರೆ ಸುಮ್ಮನೆ ಬಿಡಬಹುದು. ಗೊತ್ತಿರುವವರು ಯಾರೋ ಬಂದು ಹೇಳುತ್ತಾರೆ. ಕಡೇಪಕ್ಷ ಇಬ್ಬರ ಅಭಿಪ್ರಾಯ ಕೂಡಬೇಕು, ಹೇಳಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಪ್ಪಬೇಕು. ಆಗ ಆ ದಾಖಲೆ ಸಂಶೋಧನೆಗೆ ಯೋಗ್ಯ ಎಂಬ ದರ್ಜೆಗೆ ಏರುತ್ತದೆ. ಏರಿದ್ದು ಅಲ್ಲಿಂದ ಇನ್ನೂ ದೊಡ್ಡ ಕಣಜಕ್ಕೆ ಹೋಗುತ್ತದೆ. ಜಿಬಿಐಎಫ್ ಎಂದು ಅದರ ಹೆಸರು. 2001ರಲ್ಲಿ ಹಲವು ದೇಶಗಳು ಸೇರಿ ಕಟ್ಟಿದ್ದು, ಕಚೇರಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ. 2022ರ ಹೊತ್ತಿಗೇ ಅದರಲ್ಲಿ 200 ಕೋಟಿಗೂ ಹೆಚ್ಚು ದಾಖಲೆ ಸೇರಿದ್ದವು.

"ಇನ್ನೂರು ಕೋಟಿ ಓತಿ!"

"ಓತಿ ಮಾತ್ರ ಅಲ್ಲ ಗೌಡ್ರೆ. ಹಕ್ಕಿ, ಮೀನು, ಮರ, ಅಣಬೆ ಎಲ್ಲ. ಅರ್ಧಕ್ಕಿಂತ ಹೆಚ್ಚು ಹಕ್ಕಿಯದ್ದೇ."

ಗೌಡರು ಸ್ವಲ್ಪ ಯೋಚಿಸಿದರು. ಬಾಯಲ್ಲಿದ್ದ ಎಲೆಅಡಿಕೆಯನ್ನು ಇನ್ನೊಂದು ದವಡೆಗೆ ದಾಟಿಸಿದರು. "ಅಲ್ಲ, ನಮ್ಮ ತೋಟದ್ದು ಓತಿ ಹೌದು ಅನ್ನೋದಕ್ಕೆ ಇನ್ನೊಬ್ಬರ ಸಹಿ ಯಾಕೆ? ಮತ್ತೆ ಆ ಕೋಪನ್‌ಹೇಗನ್ನಿನವರಿಗೆ ಇದನ್ನ ಕಟ್ಟಿಕೊಂಡು ಎಂಥ ಆಗಬೇಕು?"

ಎರಡನೆಯದು ನ್ಯಾಯವಾದ ಪ್ರಶ್ನೆ. ಆದರೆ ಅದಕ್ಕಿಂತ ಮೊದಲು ಒಂದು ಗಡಿವಿವಾದ ಬಗೆಹರಿಯಬೇಕಾಗಿತ್ತು. ನಮ್ಮೂರಿನಲ್ಲಿ ಸಿಗ್ನಲ್ಲು ಸರಿಯಿಲ್ಲ, ಮೇಲೆ ಮರದ ನೆರಳು ಬೇರೆ. ಆದ್ದರಿಂದ ನಕ್ಷೆಯ ಮೇಲೆ ಚುಕ್ಕಿ ಬಿದ್ದಾಗ ಅದರ ಸುತ್ತ ಒಂದು ವೃತ್ತವೂ ಬೀಳುತ್ತದೆ. ಪ್ರಾಣಿ ಇದರೊಳಗೆ ಎಲ್ಲೋ ಇತ್ತು, ಇನ್ನೂ ಖಚಿತವಾಗಿ ಹೇಳಲಾರೆ ಎಂದು ಮೊಬೈಲು ತನ್ನ ಮಿತಿ ಹೇಳಿಕೊಳ್ಳುವ ರೀತಿ ಅದು. ಆ ವೃತ್ತದೊಳಗೆ ನನ್ನ ತೋಟದ ತುದಿಯೂ ಇತ್ತು, ಗೌಡರ ತೋಟದ ತುದಿಯೂ ಇತ್ತು. ಚುಕ್ಕಿ ಬೇಲಿಯ ಮೇಲೆ ಕೂತಿತ್ತು.

"ಮರ ನಂದಲ್ವಾ? ಓತಿ ನನ್ನ ಮರದ್ದು, ದಾಖಲೆ ಮಾತ್ರ ನಿಮ್ಮ ಹೆಸರಿಗಾ?"

ಪಹಣಿಯಲ್ಲಿ ಓತಿಗೆ ಕಾಲಂ ಇಲ್ಲವಾದ್ದರಿಂದ ವಿವಾದ ಅಲ್ಲಿಗೇ ನಿಂತಿತು. ನಾನು ನಕ್ಷೆಯನ್ನು ದೊಡ್ಡದು ಮಾಡಿ ತೋರಿಸಿದೆ. ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂದ ಮೇಲೆ ಕನ್ನಡ ಓದುವವರಿಗೆ ಹಾರುವ ಓತಿಯ ಪರಿಚಯ ಮಾಡಿಕೊಡಬೇಕಾದ್ದಿಲ್ಲ. ಆದರೆ ಅದು ಎಲ್ಲೆಲ್ಲಿದೆ ಎಂಬುದನ್ನು ಹೀಗೆ ಒಂದೇ ನೋಟಕ್ಕೆ ಕಾಣುವುದು ಬೇರೆಯದೇ ಅನುಭವ. ಗೋವೆಯ ಕಡೆಯಿಂದ ಕೇರಳದ ದಕ್ಷಿಣದವರೆಗೆ ಸಹ್ಯಾದ್ರಿಯ ಉದ್ದಕ್ಕೂ ಚುಕ್ಕಿಗಳು. ಪೂರ್ವಕ್ಕೆ ಬಯಲುಸೀಮೆ ಶುರುವಾದಲ್ಲಿ ಸಾಲು ನಿಲ್ಲುತ್ತದೆ. ಪಕ್ಕೆಲುಬು ಹರಡಿ ಮರದಿಂದ ಮರಕ್ಕೆ ತೇಲುವ, ಇರುವೆ ತಿಂದು ಬದುಕುವ ಪ್ರಾಣಿಗೆ ಒತ್ತಾದ ಮರ ಬೇಕು. ಕಾಡಾದರೂ ಆಯಿತು, ಅಡಿಕೆ ತೋಟವಾದರೂ ಆಯಿತು. ಮಳೆ, ಮರ, ಓತಿ ಮೂರೂ ಒಂದೇ ಗೆರೆಯಲ್ಲಿ ಇಳಿದು ಹೋಗಿರುವುದು ಯಾವ ಪಾಠವೂ ಇಲ್ಲದೆ ಕಣ್ಣಿಗೆ ಕಾಣುತ್ತದೆ.

ಗೌಡರ ಕಣ್ಣು ಬಿದ್ದದ್ದು ಬೇರೆ ಕಡೆ. "ಆಗುಂಬೆ ಹತ್ರ ಏನು ಇಷ್ಟೊಂದು ಗುಂಪು? ನಮ್ಮೂರ ಸುತ್ತ ಖಾಲಿ. ಹಂಗಾದ್ರೆ ನಮ್ಮಲ್ಲಿ ಓತಿ ಇರಲೇ ಇಲ್ಲ, ಇವತ್ತು ನೀವು ಫೋಟೊ ತೆಗೆದ ಮೇಲೆ ಹುಟ್ಟಿತು!"

ಗೌಡರು ತಮಾಷೆಗೆ ಅಂದದ್ದು. ಆದರೆ ಈ ಡೇಟಾಬೇಸುಗಳನ್ನು ಇಟ್ಟುಕೊಂಡು ಕೆಲಸ ಮಾಡುವವರ ನಿದ್ದೆ ಕೆಡಿಸುವ ಮಾತೂ ಇದೇ. ಆಗುಂಬೆಯಲ್ಲಿ 2005ರಿಂದ ಮಳೆಕಾಡು ಸಂಶೋಧನಾ ಕೇಂದ್ರ ಇದೆ. ಮಳೆಗಾಲದಲ್ಲಿ ಕ್ಯಾಮೆರಾ ಹೊತ್ತು ಬರುವವರ ದಂಡೇ ಅಲ್ಲಿ ಇಳಿಯುತ್ತದೆ. ಚುಕ್ಕಿ ಒತ್ತಾಗಿರುವುದು ಓತಿ ಒತ್ತಾಗಿರುವುದರಿಂದ ಅಲ್ಲ, ಮನುಷ್ಯರು ಒತ್ತಾಗಿರುವುದರಿಂದ. ಯಾವ ದೇಶದ ನಕ್ಷೆ ತೆಗೆದರೂ ಹೀಗೇ. ಚುಕ್ಕಿಗಳು ರಸ್ತೆಯ ಗುಂಟ ಹೋಗುತ್ತವೆ, ವಿಶ್ವವಿದ್ಯಾಲಯಗಳ ಸುತ್ತ ಮುಗಿಬೀಳುತ್ತವೆ, ಅಭಯಾರಣ್ಯದ ಗೇಟಿನ ಹತ್ತಿರ ಜಾಸ್ತಿಯಾಗುತ್ತವೆ. ವಾರ ನೋಡಿದರೆ ಶನಿವಾರ-ಭಾನುವಾರ ಪ್ರಾಣಿಗಳೆಲ್ಲ ಹೊರಗೆ ಬರುತ್ತವೆ, ಸೋಮವಾರ ಅಡಗಿಕೊಳ್ಳುತ್ತವೆ! ಬಣ್ಣದ ಚಿಟ್ಟೆಗೆ ಸಾಲು ಸಾಲು ದಾಖಲೆ, ಗೊಬ್ಬರದ ಗುಂಡಿಯ ಹುಳಕ್ಕೆ ಒಂದೂ ಇಲ್ಲ. ಅಂದರೆ ಅದು ಓತಿಯ ನಕ್ಷೆ ಎಷ್ಟೋ, ಓತಿ ನೋಡುವವರ ನಕ್ಷೆಯೂ ಅಷ್ಟೇ. ಖಾಲಿ ಜಾಗ ಎಂದರೆ ಪ್ರಾಣಿ ಇಲ್ಲವೆಂದೂ ಆಗಬಹುದು, ಯಾರೂ ನೋಡಲಿಲ್ಲವೆಂದೂ ಆಗಬಹುದು. ಎರಡನ್ನೂ ನಕ್ಷೆ ಒಂದೇ ಬಿಳಿ ಬಣ್ಣದಲ್ಲಿ ತೋರಿಸುತ್ತದೆ.

ಆದ್ದರಿಂದಲೇ ಆಗುಂಬೆಯಲ್ಲಿ ಇನ್ನೂ ಒಂದು ಓತಿಯ ಫೋಟೊ ಬಿದ್ದರೆ ಆಗುವ ಉಪಕಾರಕ್ಕಿಂತ ನಮ್ಮಂಥ ಹೆಸರಿಲ್ಲದ ಊರಿನ ಬೇಲಿಯ ಮೇಲೆ ಒಂದು ಚುಕ್ಕಿ ಬಿದ್ದರೆ ಆಗುವ ಉಪಕಾರ ಹೆಚ್ಚು ಎಂದು ನನ್ನ ವಾದ. ಗೌಡರಿಗೆ ಇದು ಅರ್ಧ ಹಿಡಿಸಿತು. ಊರಿಗೆ ಹೆಸರಿಲ್ಲ ಅಂದದ್ದು ಹಿಡಿಸಲಿಲ್ಲ.

"ಅದೆಲ್ಲ ಸರಿ. ಉಪಯೋಗ ಎಂಥದು ಹೇಳಿ."

ಮಲೆನಾಡಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. "ಮಂಗನ ಕಾಯಿಲೆ ಟೈಮಲ್ಲಿ ಮಂಗ ಸತ್ತು ಬಿದ್ದರೆ ಏನು ಮಾಡ್ತೀರಿ?" ಎಂದು ಕೇಳಿದೆ.

"ಆಸ್ಪತ್ರೆಯವರಿಗೆ ಹೇಳ್ತೀವಿ. ಎಲ್ಲಿ ಬಿದ್ದಿದೆ, ಯಾವಾಗ ಬಿತ್ತು ಕೇಳ್ತಾರೆ. ಬಂದು ಸುತ್ತಲೂ ಪುಡಿ ಹೊಡೀತಾರೆ. ಆ ಕಡೆ ದರಗಿಗೆ, ಸೊಪ್ಪಿಗೆ ಹೋಗಬೇಡಿ ಅಂತಾರೆ."

ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಆ ರೋಗ ಗುರುತಾದಾಗಲೂ ದಾರಿ ತೋರಿಸಿದ್ದು ಸತ್ತ ಮಂಗಗಳೇ. ಯಾವ ಪ್ರಾಣಿ, ಎಲ್ಲಿ, ಯಾವತ್ತು: ಇವು ಮೂರು ಗೊತ್ತಾದರೆ ಉಣ್ಣೆ ಯಾವ ಕಾಡಿನಲ್ಲಿ ಕಾದು ಕೂತಿದೆ ಎಂದು ಅಂದಾಜು ಮಾಡಬಹುದು. ಡೇಟಾಬೇಸಿನ ಒಂದೊಂದು ಸಾಲಿನಲ್ಲೂ ಇರುವುದು ಈ ಮೂರೇ. ಗೌಡರು ತಲೆಯಾಡಿಸಿದರು. ಈ ತಲೆಯಾಟ ಅಪರೂಪದ್ದು.

ಆಫ್ರಿಕಾದ ಬಸವನಹುಳದ ಮಾತು ಬಂದಾಗ ಅವರಿಗೆ ಇನ್ನೂ ಉತ್ಸಾಹ ಬಂತು, ಸಿಟ್ಟೂ ಬಂತು. ಮಳೆ ಹಿಡಿದರೆ ಸಾಕು, ಕೈ ಅಗಲದ ಶಂಖ ಹೊತ್ತುಕೊಂಡು ಅಡಿಕೆ ಸಸಿಗೂ ಕಾಳುಮೆಣಸಿನ ಬಳ್ಳಿಗೂ ಹತ್ತುವ ಪ್ರಾಣಿ. ಅದು ನಮ್ಮ ದೇಶದ್ದೇ ಅಲ್ಲ. ವಿಲಿಯಂ ಬೆನ್ಸನ್ ಎಂಬ ಕಂಪನಿ ಸರ್ಕಾರದ ಅಧಿಕಾರಿಗೆ ಶಂಖದ ಹುಚ್ಚು. ಮಾರಿಷಸ್‌ನಿಂದ ತಂದು 1847ರಲ್ಲಿ ಕಲ್ಕತ್ತೆಯ ತೋಟವೊಂದರಲ್ಲಿ ಬಿಡಿಸಿದ. ಅಲ್ಲಿಂದ ಅದು ಗಿಡದ ಮಣ್ಣಿನ ಜೊತೆ, ಲಾರಿಯ ಸರಕಿನ ಜೊತೆ ದೇಶ ಸುತ್ತಿತು. ಬೆಂಗಳೂರಿನ ಅಶೋಕಾ ಟ್ರಸ್ಟಿನ ವಿಜ್ಞಾನಿಗಳು ಈ ಹುಳ ಸಿಕ್ಕ ಜಾಗಗಳನ್ನೆಲ್ಲ ಕೂಡಿಸಿ, ಆ ಜಾಗಗಳ ಮಳೆ ಎಷ್ಟು, ಸೆಕೆ ಎಷ್ಟು ಎಂದು ಕಂಪ್ಯೂಟರಿಗೆ ಕೊಟ್ಟು, ಇಂಥದೇ ಹವೆ ದೇಶದಲ್ಲಿ ಇನ್ನೆಲ್ಲೆಲ್ಲಿ ಇದೆ, ಮುಂದೆ ಹವೆ ಬದಲಾದರೆ ಎಲ್ಲಿಗೆ ಸರಿಯುತ್ತದೆ ಎಂದು ನಕ್ಷೆ ಮಾಡಿದ್ದಾರೆ. ಹುಳ ಇನ್ನೂ ಹೋಗದ, ಆದರೆ ಹೋದರೆ ನೆಲೆಯೂರಬಲ್ಲ ಜಾಗಗಳೂ ಅದರಲ್ಲಿ ಬರುತ್ತವೆ.

"ಅಂದ್ರೆ ಬರೋಕೆ ಮೊದಲೇ ಗೊತ್ತಾಗುತ್ತೆ?"

"ಬರಬಹುದು ಅಂತ ಗೊತ್ತಾಗುತ್ತೆ."

"ನಮಗೆ ಬಂದ ಮೇಲೆ ಗೊತ್ತಾಯ್ತು. ಬಕೆಟ್ಟುಗಟ್ಟಲೆ ಆರಿಸಿ ಉಪ್ಪು ಹಾಕಿದ್ದೇ ಬಂತು."

ಗೌಡರ ಸಿಟ್ಟು ಇಳಿಯಲಿ ಎಂದು ಹಕ್ಕಿಯ ಕಡೆ ತಿರುಗಿಸಿದೆ. ಹಕ್ಕಿಗೆ ಬೇರೆ ಡೇಟಾಬೇಸು, ಇ-ಬರ್ಡ್ ಎಂದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದವರೂ ಆಡುಬಾನ್ ಸಂಸ್ಥೆಯವರೂ 2002ರಲ್ಲಿ ಶುರುಮಾಡಿದ್ದು. ನನಗೆ ಎರಡರಲ್ಲಿ ಇದರ ಮೇಲೆ ಪ್ರೀತಿ ಜಾಸ್ತಿ. ಕಾರಣ ಫೋಟೊ ಅಲ್ಲ, ಫೋಟೊ ಬೇಕಿಲ್ಲದಿರುವುದು. ಒಂದು ಕಡೆ ಹದಿನೈದು ನಿಮಿಷ ನಿಲ್ಲಿ, ಕಂಡದ್ದು, ಕೇಳಿದ್ದು ಎಲ್ಲ ಬರೆಯಿರಿ, ಎಷ್ಟು ಕಂಡಿತು ಅದನ್ನೂ ಬರೆಯಿರಿ ಎನ್ನುತ್ತದೆ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳುತ್ತದೆ: ಗುರುತು ಹಿಡಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ, ಏನಾದರೂ ಬಿಟ್ಟಿದ್ದೀರಾ?

ಈ ಪ್ರಶ್ನೆಯಲ್ಲಿದೆ ಅದರ ಜಾಣತನ. ಎಲ್ಲ ಬರೆದಿದ್ದೇನೆ ಎಂದು ನೀವು ಹೇಳಿದ ಕೂಡಲೇ, ನಿಮ್ಮ ಪಟ್ಟಿಯಲ್ಲಿ ಇಲ್ಲದ ಹಕ್ಕಿ ಆ ಹದಿನೈದು ನಿಮಿಷ ನಿಮಗೆ ಕಾಣಲಿಲ್ಲ ಎಂಬುದೂ ದಾಖಲಾಗುತ್ತದೆ. ಬಿಳಿ ಜಾಗಕ್ಕೂ ಒಂದು ಅರ್ಥ ಬಂತು. ಇಂಥ ನೂರು ಪಟ್ಟಿಗಳಲ್ಲಿ ಎಷ್ಟರಲ್ಲಿ ಮಡಿವಾಳ ಹಕ್ಕಿ ಇದೆ, ಹತ್ತು ವರ್ಷದ ಹಿಂದೆ ಎಷ್ಟರಲ್ಲಿ ಇತ್ತು ಎಂದು ನೋಡಿದರೆ ಏರಿತೋ ಇಳಿಯಿತೋ ಹೇಳಬಹುದು. ನೋಡುವವರು ಹೆಚ್ಚಾದರೂ ಲೆಕ್ಕ ಕೆಡುವುದಿಲ್ಲ.

"ಕಾಗೆ ಬರೀಬೇಕಾ?"

"ಬರೀಬೇಕು."

"ಕಾಗೆ ಎಣಿಸೋಕೆ ಕೂತ್ರೆ ನಮ್ಮ ಮನೆಯವಳು ನನ್ನ ತಲೆ ನೆಟ್ಟಗಿಲ್ಲ ಅಂತ ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ತಾಳೆ."

ನಾನು ಕೇಳಿದೆ: "ರಣಹದ್ದು ಎಣಿಸಿದ್ರಾ ಆಗ?"

ಗೌಡರು ಸುಮ್ಮನಾದರು. ಆಮೇಲೆ ಅವರೇ ಹೇಳಿದರು. ದನ ಸತ್ತರೆ ಬ್ಯಾಣದ ಆ ತುದಿಗೆ ಎಳೆದು ಹಾಕುತ್ತಿದ್ದರಂತೆ. ಎಲ್ಲಿಂದ ಬರುತ್ತಿದ್ದವೋ, ಆಕಾಶದಲ್ಲಿ ಒಂದು ಕಂಡರೆ ಆಯಿತು, ಹಿಂದೆಯೇ ಮತ್ತೊಂದು, ಮಗದೊಂದು. ಹುಡುಗರು ಕಲ್ಲು ಹೊಡೆದರೂ ಏಳಲಾರದಷ್ಟು ತಿಂದು ಕೂತಿರುತ್ತಿದ್ದವು. "ಯಾವಾಗ ನಿಂತವು ಅಂತ ಮಾತ್ರ ಗೊತ್ತಿಲ್ಲ ನೋಡಿ. ಒಂದು ದಿನ ನೋಡಿದ್ರೆ ಇಲ್ಲ."

ಇದು ಗೌಡರೊಬ್ಬರ ಕತೆಯಲ್ಲ, ದೇಶದ್ದೇ ಕತೆ. ಬಿಳಿಬೆನ್ನಿನ ರಣಹದ್ದು ಒಂದು ಕಾಲಕ್ಕೆ ಎಷ್ಟು ಸಾಮಾನ್ಯವೆಂದರೆ ಹಕ್ಕಿ ನೋಡುವವರೂ ಪುಸ್ತಕದಲ್ಲಿ ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಕಾಗೆ, ರಣಹದ್ದು ಯಾರು ಬರೆಯುತ್ತಾರೆ! ಅದೃಷ್ಟಕ್ಕೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು 1990ರ ದಶಕದ ಮೊದಲಲ್ಲಿ ಬೇಟೆಹಕ್ಕಿಗಳನ್ನು ರಸ್ತೆಯುದ್ದಕ್ಕೂ ಎಣಿಸಿಟ್ಟಿದ್ದರು. ಅದೇ ದಾರಿಗಳಲ್ಲಿ ಮತ್ತೆ ಮತ್ತೆ ಎಣಿಸಿದಾಗ ತಿಳಿಯಿತು, 1992ರಿಂದ 2007ರೊಳಗೆ ಸಾವಿರಕ್ಕೆ 999 ಹೋಗಿದ್ದವು. ದನದ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ, ಸತ್ತ ದನದ ಮಾಂಸದ ಮೂಲಕ ಹಕ್ಕಿಯ ಮೂತ್ರಪಿಂಡ ಕೆಡಿಸುತ್ತಿತ್ತು. 2004ರಲ್ಲಿ ಕಾರಣ ಗೊತ್ತಾಯಿತು, 2006ರಲ್ಲಿ ನಮ್ಮ ಸರ್ಕಾರ ಪಶುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ಆ ಎಣಿಕೆಯೂ ಇಲ್ಲದಿದ್ದರೆ ನಮ್ಮ ಹತ್ತಿರ ಉಳಿಯುತ್ತಿದ್ದುದು 'ಒಂದು ದಿನ ನೋಡಿದ್ರೆ ಇಲ್ಲ' ಎಂಬ ಗೌಡರ ಮಾತು ಮಾತ್ರ. ಅಪರೂಪದ ಹಕ್ಕಿಯನ್ನು ಯಾರು ಬೇಕಾದರೂ ಬರೆದಿಡುತ್ತಾರೆ, ಹೇಳಬೇಕಾಗಿಲ್ಲ. ಕಾಗೆ ಬರೆಯುವವರು ಬೇಕು.

"ಆಯ್ತು, ಗುಬ್ಬಿ ಕತೆ ಏನು? ಟವರ್ ಬಂತು, ಗುಬ್ಬಿ ಹೋಯ್ತು ಅಂತಾರಲ್ಲ."

ಅದಕ್ಕೂ ಲೆಕ್ಕ ಸಿಕ್ಕಿದೆ. ದೇಶದ ಹಕ್ಕಿನೋಟಗಾರರ ಪಟ್ಟಿಗಳನ್ನೆಲ್ಲ ಕೂಡಿಸಿ 2020ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು, 2023ರಲ್ಲಿ ಮತ್ತೊಂದು. ಎರಡನೆಯದು 30,000ಕ್ಕೂ ಹೆಚ್ಚು ಜನ ಬರೆದ 3 ಕೋಟಿ ದಾಖಲೆಗಳಿಂದ 942 ಜಾತಿಯ ಹಕ್ಕಿಗಳನ್ನು ಅಳೆದದ್ದು. ಗುಬ್ಬಿ ದೊಡ್ಡ ನಗರಗಳಲ್ಲಿ ಕಡಿಮೆಯಾಗಿರುವುದು ನಿಜ, ದೇಶದ ಒಟ್ಟು ಲೆಕ್ಕದಲ್ಲಿ ಹೆಚ್ಚು ಕಡಿಮೆ ಇದ್ದಷ್ಟೇ ಇದೆ ಎಂದು ಮೊದಲ ವರದಿಯೇ ಹೇಳಿತ್ತು. ಗೌಡರಿಗೆ ಇದು ಪಥ್ಯವಾಗಲಿಲ್ಲ. ಟವರಿನ ಮೇಲಿನ ಸಿಟ್ಟಿಗೆ ಅವರಿಗೆ ಬೇರೆಯೇ ಕಾರಣಗಳಿವೆ; ಮುಖ್ಯವಾದದ್ದು, ಅದು ನಮ್ಮೂರಿಗೆ ಬರಲೇ ಇಲ್ಲ.

ಅದೇ ವರದಿಯಲ್ಲಿ ಜೋರಾಗಿ ಏರಿದ ಹಕ್ಕಿ ಯಾವುದು ಹೇಳಿ ಎಂದೆ. ಗೌಡರು ಒಂದು ಕ್ಷಣವೂ ತಡಮಾಡಲಿಲ್ಲ. "ನವಿಲು. ಅದಕ್ಕೆ ವರದಿ ಬೇಕಾ? ನನ್ನ ಗದ್ದೆಗೆ ಬನ್ನಿ, ತೋರಿಸ್ತೀನಿ." ಒಣಸೀಮೆಯ ಹಕ್ಕಿಯಾಗಿದ್ದ ನವಿಲು ಕೇರಳದಂಥ ಮಳೆಸೀಮೆಯಲ್ಲೂ ಹರಡಿರುವುದು ಈ ಪಟ್ಟಿಗಳಲ್ಲಿ ಕಂಡಿದೆ. ನಮ್ಮ ಅಜ್ಜಂದಿರು ನವಿಲನ್ನು ಕಂಡದ್ದು ದೇವಸ್ಥಾನದ ಚಿತ್ರದಲ್ಲಿ, ನಾವು ಕಾಣುತ್ತಿರುವುದು ಸಸಿಮಡಿಯಲ್ಲಿ.

ಕೇರಳ ಅಂದಾಗ ಇನ್ನೊಂದು ನೆನಪಾಯಿತು. ನೋಡುವವರು ತಮಗೆ ಬೇಕಾದ ಕಡೆಗೇ ಹೋಗುತ್ತಾರೆ ಎಂಬ ದೋಷ ಹೇಳಿದೆನಲ್ಲ, ಅದಕ್ಕೆ ಅಲ್ಲಿನವರು ಮದ್ದು ಮಾಡಿದರು. 2015ರಿಂದ 2020ರವರೆಗೆ ರಾಜ್ಯವನ್ನೆಲ್ಲ ಚೌಕಗಳಾಗಿ ಕತ್ತರಿಸಿ, ಒಂದು ಕಿಲೋಮೀಟರಿಗಿಂತ ತುಸು ದೊಡ್ಡದಾದ ಚಿಕ್ಕ ಚೌಕಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಅಲ್ಲಿಗೇ ಹೋಗಿ ಎಣಿಸಿದರು. ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು. ಚೀಟಿಯಲ್ಲಿ ಕೊಳಚೆ ಬಂದರೆ ಕೊಳಚೆ, ರಬ್ಬರ್ ತೋಟ ಬಂದರೆ ರಬ್ಬರ್ ತೋಟ. ಅದಕ್ಕೂ ಮೊದಲೇ ನಮ್ಮ ಮೈಸೂರಿನ ಹಕ್ಕಿಪ್ರಿಯರು ತಮ್ಮ ನಗರಕ್ಕೆ ಇಂಥದೇ ಒಂದು ಪಕ್ಷಿ ನಕಾಶೆ ಮಾಡಿಕೊಂಡಿದ್ದರು. ಕೊಡಚಾದ್ರಿ ಬಿಟ್ಟು ತಿಪ್ಪೆಗುಂಡಿಗೆ ಹೋಗಿ ನಿಂತು ಎಣಿಸುವವನೇ ನಿಜವಾದ ಹಕ್ಕಿಪ್ರಿಯ ಎಂದು ನನಗನ್ನಿಸುತ್ತದೆ, ನಾನು ಹಾಗೆ ಮಾಡಿಲ್ಲವಾದರೂ.

ಈ ಹೊತ್ತಿಗೆ ಗೌಡರ ಮನೆಯಿಂದ ಕಾಫಿ ಬಂತು. ಎರಡು ಲೋಟ, ಒಂದು ಬೇಲಿ ದಾಟಿತು. ಕಾಫಿ ಕುಡಿಯುತ್ತ ಅವರು ಹೊಸ ಅನುಮಾನ ತೆಗೆದರು. "ಎಲ್ಲಿದೆ ಅಂತ ಜಗತ್ತಿಗೇ ಹೇಳೋದು ಸರಿಯಾ? ನಾನು ಗಂಧದ ಮರದ ಫೋಟೊ ಹಾಕಿದೆ ಅಂತ ಇಟ್ಕೊಳ್ಳಿ. ಮಾರನೇ ದಿನ ಬುಡ ಉಳೀತದಾ?"

ಉಳಿಯುವುದಿಲ್ಲ. ಅದು ಆ್ಯಪ್ ಮಾಡಿದವರಿಗೂ ಗೊತ್ತಿದೆ. ಅಳಿವಿನ ಅಪಾಯದಲ್ಲಿದೆ ಎಂದು ಗುರುತಾದ ಜೀವಿಗಳ ಚುಕ್ಕಿಯನ್ನು ಐನ್ಯಾಚುರಲಿಸ್ಟ್ ತಾನಾಗಿಯೇ ಮಸುಕು ಮಾಡುತ್ತದೆ; ಸುಮಾರು 20 ಕಿಲೋಮೀಟರ್ ಉದ್ದಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ಸುಳ್ಳು ಚುಕ್ಕಿ ಇಡುತ್ತದೆ. ಬೇರೆಯವಕ್ಕೂ ಬೇಕಾದರೆ ನಾವೇ ಮುಚ್ಚಿಡಬಹುದು. ಹಾಗೆಂದು ಪೂರ್ತಿ ನಿಶ್ಚಿಂತೆಯೇನಲ್ಲ. ಫೋಟೊದ ಹಿಂದೆ ಗುಡ್ಡದ ಸಾಲು ಕಂಡರೆ ಊರು ಗೊತ್ತಾಗುತ್ತದೆ. ಗಂಧದ ಕಳ್ಳರು ಮಾತ್ರ ನಮ್ಮೂರಿನಲ್ಲಿ ಇವತ್ತಿನವರೆಗೆ ಯಾವ ಡೇಟಾಬೇಸಿನ ಸಹಾಯವನ್ನೂ ಕೇಳಿದವರಲ್ಲ ಎಂಬುದನ್ನೂ ಒಪ್ಪಬೇಕು.

ಡೇಟಾಬೇಸು ಎಡವುವುದೂ ಉಂಟು. ಅಕ್ಷಾಂಶ, ರೇಖಾಂಶ ಅದಲುಬದಲಾಗಿ ಬರೆದರೆ ಮುಗಿಯಿತು. ನಮ್ಮ ತೀರ್ಥಹಳ್ಳಿ ಇರುವುದು ಉತ್ತರ ಅಕ್ಷಾಂಶ 13.7, ಪೂರ್ವ ರೇಖಾಂಶ 75.2ರ ಹತ್ತಿರ. ತಿರುವುಮುರುವು ಮಾಡಿದರೆ ಹಾರುವ ಓತಿ ನಾರ್ವೆಯನ್ನೂ ದಾಟಿ ಸ್ವಾಲ್‌ಬಾರ್ಡ್ ದ್ವೀಪಗಳ ದಕ್ಷಿಣಕ್ಕೆ, ಉತ್ತರ ಧ್ರುವದ ಕಡೆಯ ಕೊರೆಯುವ ಸಮುದ್ರಕ್ಕೆ ಬೀಳುತ್ತದೆ. ಏನೂ ತುಂಬದೆ ಸೊನ್ನೆ, ಸೊನ್ನೆ ಎಂದು ಬಿಟ್ಟ ದಾಖಲೆಗಳು ಆಫ್ರಿಕಾದ ಪಶ್ಚಿಮದ ಕಡಲಿನಲ್ಲಿ ಒಂದೇ ಜಾಗದಲ್ಲಿ ಜಮಾಯಿಸುತ್ತವೆ. ಸಂಶೋಧನೆಗೆ ಕೂರುವವರ ಮೊದಲ ಕೆಲಸವೇ ಕಡಲಿನಲ್ಲಿ ಬಿದ್ದ ನೆಲಪ್ರಾಣಿಗಳನ್ನು ಎತ್ತಿ ಹೊರಗೆ ಹಾಕುವುದು.

ಇದಕ್ಕಿಂತ ಸ್ವಾರಸ್ಯದ್ದು ಕಾಳಿಂಗದ ಸಂಗತಿ. 1836ರಲ್ಲಿ ವಿಜ್ಞಾನದ ಹೆಸರು ಬಿದ್ದಾಗಿನಿಂದ ಕಾಳಿಂಗ ಸರ್ಪ ಒಂದೇ ಜಾತಿ ಎಂದೇ ಲೆಕ್ಕ. ನಮ್ಮ ಸಹ್ಯಾದ್ರಿಯದೂ ಅದೇ, ಫಿಲಿಪೀನ್ಸಿನದೂ ಅದೇ. 2024ರಲ್ಲಿ, ವಂಶವಾಹಿ ಮತ್ತು ಮೈಗುರುತು ಎರಡನ್ನೂ ಹೋಲಿಸಿ ನೋಡಿದವರು ಇದು ನಾಲ್ಕು ಜಾತಿ ಎಂದರು. ಪಶ್ಚಿಮ ಘಟ್ಟದ್ದಕ್ಕೆ ಒಫಿಯೋಫ್ಯಾಗಸ್ ಕಾಳಿಂಗ ಎಂದು ನಮ್ಮ ಹೆಸರನ್ನೇ ಇಟ್ಟರು. ಈಗ ಯೋಚಿಸಿ. ಹಳೆಯ ಹೆಸರಿನಲ್ಲಿ ಬಿದ್ದಿದ್ದ ದಾಖಲೆಗಳ ಗತಿ? ಹಾವು ಹೋಗಿ ಎಷ್ಟೋ ಕಾಲವಾಗಿದೆ, ಮತ್ತೆ ಹಿಡಿದು ನೋಡುವ ಹಾಗಿಲ್ಲ. ಆದರೆ ಎಲ್ಲಿ ಎಂಬುದು ಬರೆದಿತ್ತಲ್ಲ, ಅದೇ ಕಾಪಾಡಿತು. ಘಟ್ಟದ ಮೇಲೆ ಬಿದ್ದ ಚುಕ್ಕಿಗಳನ್ನು ಹೊಸ ಹೆಸರಿಗೆ ದಾಟಿಸಬಹುದು. ಜಾಗ ಬರೆಯದೆ ಬರೀ 'ಕಾಳಿಂಗ, ಭಾರತ' ಎಂದು ಬಿಟ್ಟವರ ದಾಖಲೆ ಯಾವ ಕಡೆಗೂ ಸೇರದೆ ಉಳಿಯಿತು.

"ನಮ್ಮ ಕಾಳಿಂಗ ಬೇರೆ ಅಂತ ನನಗೆ ಮೊದಲೇ ಅನುಮಾನ ಇತ್ತು" ಎಂದರು ಗೌಡರು. ಯಾವ ಆಧಾರದ ಮೇಲೆ ಎಂದು ಕೇಳುವುದು ಬೇಲಿಯ ಶಿಷ್ಟಾಚಾರವಲ್ಲ.

ಫೋನು ಬರುವ ಮೊದಲೂ ಈ ಕೆಲಸ ಇತ್ತು. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಸೆಸಿಲ್ ಸಲ್ಡಾನ ಎಂಬ ಪಾದ್ರಿಗಳಿದ್ದರು. ಗಿಡ ಕೊಯ್ದು, ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಊರು, ದಿನ ಬರೆದು ಇಡುವುದು ಅವರ ಕಾಯಕ. ಹಾಸನ ಜಿಲ್ಲೆಯ ಸಸ್ಯಗಳ ಬಗ್ಗೆ 1976ರಲ್ಲಿ ದೊಡ್ಡ ಗ್ರಂಥವೇ ಆಯಿತು. ಅವರ ಸಂಗ್ರಹ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಸಸ್ಯಸಂಗ್ರಹಾಲಯದಲ್ಲಿದೆ. ಅಲ್ಲಿನವರು ಕರ್ನಾಟಕದ ಗಿಡಗಳ ಮಾಹಿತಿಯನ್ನು ಅಂತರ್ಜಾಲಕ್ಕೆ ಏರಿಸಿದ್ದಾರೆ, ಮನೆಯಲ್ಲೇ ಕೂತು ನೋಡಬಹುದು. ಅಂಥ ಒಂದು ಹಾಳೆಯ ಮೂಲೆಯ ಬರಹಕ್ಕೂ ನನ್ನ ಮೊಬೈಲಿನ ಚುಕ್ಕಿಗೂ ತೂಕದಲ್ಲಿ ವ್ಯತ್ಯಾಸವಿದೆ: ಹಾಳೆಯಲ್ಲಿ ಗಿಡವೇ ಇದೆ, ಐವತ್ತು ವರ್ಷದ ನಂತರವೂ ಯಾರಾದರೂ ಭೂತಗನ್ನಡಿ ಹಿಡಿದು ಇದು ಅದಲ್ಲ ಎನ್ನಬಹುದು. ಫೋಟೊದಲ್ಲಿ ಎಲೆಯ ಹಿಂಬದಿಯ ರೋಮ ಕಾಣುವುದಿಲ್ಲ. ಹಾಗಾಗಿ ಮೊಬೈಲು ಬಂತೆಂದು ಸಂಗ್ರಹಾಲಯಕ್ಕೆ ಬೀಗ ಹಾಕುವ ಮಾತನ್ನು ಯಾರಾದರೂ ಆಡಿದರೆ ನನಗೆ ಮೈ ಉರಿಯುತ್ತದೆ.

ನಮ್ಮದೇ ದೇಶದ ಡೇಟಾಬೇಸೂ ಇದೆ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ 2008ರಲ್ಲಿ ಶುರುವಾಯಿತು. 2007ರಿಂದ ಬೆಂಗಳೂರಿನಿಂದಲೇ ಮೈಗ್ರಂಟ್‌ವಾಚ್ ಎಂದು ಇನ್ನೊಂದು ನಡೆಯುತ್ತಿತ್ತು. ಅವರು ಕೇಳುತ್ತಿದ್ದುದು ಬಹಳ ಸರಳ, ಚಳಿಗಾಲಕ್ಕೆ ಉತ್ತರದಿಂದ ಇಳಿದು ಬರುವ ಹಕ್ಕಿ ಈ ವರ್ಷ ನಿಮ್ಮಲ್ಲಿ ಮೊದಲು ಕಂಡದ್ದು ಯಾವತ್ತು?

"ಕುಂಡೆಕುಸ್ಕ!" ಎಂದರು ಗೌಡರು. "ಅದು ಅಂಗಳದಲ್ಲಿ ಬಾಲ ಕುಣಿಸಿತು ಅಂದ್ರೆ ಮಳೆ ಹಿಂದಾಯ್ತು, ಚಪ್ಪರದ ಕೆಲಸ ನೋಡಬೋದು ಅಂತ ಅಪ್ಪ ಹೇಳೋರು. ಅನಂತನ ಚತುರ್ದಶಿ ಆಸುಪಾಸು."

ಹಿಮಾಲಯದ ಆಚೀಚೆಯ ಹೊಳೆ ಬಿಟ್ಟು ಬರುವ ಬೂದು ಸಿಪಿಲೆ ಅದು. ತಾರೀಕು ಎಲ್ಲಾದರೂ ಬರೆದಿದ್ದಾರೆಯೇ ಎಂದೆ. ಅವರ ಅಪ್ಪನ ಲೆಕ್ಕದ ಪುಸ್ತಕದಲ್ಲಿ ಆಳಿನ ಕೂಲಿ, ಅಡಿಕೆಯ ತೂಕ, ಕೊಳೆಗೆ ಔಷಧಿ ಹೊಡೆದ ದಿನ ಎಲ್ಲ ಇದೆಯಂತೆ, ಮೊದಲ ಮಳೆಯೂ ಇದೆಯಂತೆ. ಸಿಪಿಲೆ ಇಲ್ಲ. ಅಟ್ಟದಲ್ಲಿ ಹುಡುಕಿ ನೋಡುತ್ತೇನೆ, ಮೂಲೆಯಲ್ಲೆಲ್ಲಾದರೂ ಗೀಚಿರಬಹುದು ಎಂದರು. ಗೀಚಿದ್ದರೆ ಅದರ ಬೆಲೆ ನನ್ನ ಎಲ್ಲ ಫೋಟೊಗಿಂತ ಹೆಚ್ಚು. ಹಿಂದಿನ ವರ್ಷಗಳ ಪಟ್ಟಿಯನ್ನೂ ದಿನ ಸಹಿತ ಏರಿಸಲು ಇ-ಬರ್ಡ್‌ನಲ್ಲಿ ಅವಕಾಶವಿದೆ.

ಇಷ್ಟಾದ ಮೇಲೆ ಗೌಡರಿಗೆ ತಾವೂ ಒಂದು ಕೈ ನೋಡಬೇಕೆನ್ನಿಸಿತು. ಶಿವಮೊಗ್ಗದಲ್ಲಿ ಓದುವ ಮೊಮ್ಮಗಳು ರಜಕ್ಕೆ ಬಂದಾಗ ಆ್ಯಪ್ ಹಾಕಿಸಿಕೊಂಡರು. ಮೊದಲ ದಾಖಲೆ ತಮ್ಮ ತೋಟದ ಬಲವಾದ ಅಡಿಕೆ ಮರದ್ದೇ ಆಗಬೇಕೆಂದು, ಸಿಂಗಾರ ಬಿಟ್ಟ ಮರ ನೋಡಿ, ಬುಡದಿಂದ ತುದಿಯವರೆಗೆ ಚೆನ್ನಾಗಿ ತೆಗೆದು ಹಾಕಿದರು. ಮಾರನೆಯ ಬೆಳಿಗ್ಗೆ ಬೇಲಿಯ ಹತ್ತಿರ ಜೋರು ಧ್ವನಿ.

"ಮೇಷ್ಟ್ರೆ, ಇದೇನು ಅನ್ಯಾಯ! ನೆಟ್ಟ ಗಿಡ ಅಂತ ಬರ್ಕೊಂಡು ಮೂಲೆಗೆ ಹಾಕಿದೆ. ಲೆಕ್ಕಕ್ಕೆ ಇಲ್ಲವಂತೆ!"

ತಾನಾಗಿ ಬದುಕುವ ಜೀವಿಗೆ ಮಾತ್ರ ಸಂಶೋಧನೆಗೆ ಯೋಗ್ಯ ಎಂಬ ಆ ದರ್ಜೆ. ನೆಟ್ಟ ಗಿಡ, ಸಾಕಿದ ದನ, ಬೋನಿನ ಹುಲಿ ಲೆಕ್ಕಕ್ಕೆ ಬರುವುದಿಲ್ಲ. ಒಂದು ಸೀಮೆಯಲ್ಲಿ ಒಂದು ಗಿಡದ ದಾಖಲೆ ಹೆಚ್ಚಿನವು ನೆಟ್ಟದ್ದೇ ಆಗಿದ್ದರೆ ಹೊಸದಾಗಿ ಬಂದದ್ದನ್ನೂ ಕಂಪ್ಯೂಟರು ನೆಟ್ಟದ್ದೆಂದೇ ಎಣಿಸುತ್ತದೆ. ಇದನ್ನು ಹೇಳಿದೆ.

"ನಮ್ಮಪ್ಪ ನೆಟ್ಟಿದ್ದು ಅಂತ ಅಲ್ಲಿ ಕೂತವರಿಗೆ ಹೇಗೆ ಗೊತ್ತಾಯ್ತು ಅಂತ ನಾನು ರಾತ್ರಿಯೆಲ್ಲ ಯೋಚನೆ ಮಾಡಿದೀನಿ" ಎಂದರು. ಆಮೇಲೆ ಫೋನನ್ನು ಅಂಗಿಯ ಜೇಬಿಗೆ ಹಾಕಿ, ದೋಟಿಯನ್ನು ಬೇಲಿಗೆ ಒರಗಿಸಿ, ಗದ್ದೆಯ ದಾರಿ ಹಿಡಿದರು. "ಇರಲಿ. ಈಗ ನವಿಲಿಂದು ತೆಗೀತೀನಿ. ಅದನ್ನ ನೆಟ್ಟಿದ್ದು, ಸಾಕಿದ್ದು ಅಂತ ಯಾರು ಹೇಳ್ತಾರೋ ಹೇಳಲಿ, ತಿಂದ ಭತ್ತದ ಬಿಲ್ಲು ಅವರಿಗೇ ಕಳಿಸ್ತೀನಿ."